ಒಂದು ರೂಪಾಯಿಯ ಮೇಲಿನ ಸೆರೆಮನೆ

ನಮ್ಮ ತಂದೆಯವರು ಬಿಟ್ಟುಹೋದ ಆಸ್ತಿಪಾಸ್ತಿಯಲ್ಲಿ ತಗಡಿನ ಬಿಸ್ಕತ್ತು ಡಬ್ಬಿಯೊಂದು ಸೇರಿದೆ. ಅದರ ಮೇಲಿನ ಬಣ್ಣವೆಲ್ಲ ಉದುರಿ, ಯಾವ ಕಂಪನಿಯ ಬಿಸ್ಕತ್ತು ಅದರಲ್ಲಿತ್ತೆಂಬುದು ಈಗ ಯಾರಿಗೂ ತಿಳಿಯದು. ಒಳಗಿರುವುದು ಮಾತ್ರ ಬಹು ಅಚ್ಚುಕಟ್ಟು: ಹಳೆಯ ಪಂಚೆಯ ಚೂರುಗಳಲ್ಲಿ ಒಂದೊಂದಾಗಿ ಸುತ್ತಿಟ್ಟ ನಾಣ್ಯಗಳು. ಅವರು ನಾಣ್ಯಶಾಸ್ತ್ರ ಬಲ್ಲವರೇನೂ ಅಲ್ಲ. ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಕಿಟಕಿಯಾಚೆಯಿಂದ ಬಂದ ಚಿಲ್ಲರೆಯಲ್ಲಿ ಹೊಸ ಮುದ್ರೆಯ ನಾಣ್ಯವೊಂದು ಕಂಡಿತೆಂದರೆ, ತಮ್ಮ ಜೇಬಿನಿಂದ ಅಷ್ಟೇ ಬೆಲೆಯ ಮತ್ತೊಂದನ್ನು ಪೆಟ್ಟಿಗೆಗೆ ಹಾಕಿ, ಅದನ್ನು ಮನೆಗೆ ತರುತ್ತಿದ್ದರು.

ಆ ಡಬ್ಬಿಯಲ್ಲಿ ೧೯೬೪ರ ನೆಹರೂ ನಾಣ್ಯವಿದೆ. ಸ್ವತಂತ್ರ ಭಾರತವು ಹೊರತಂದ ಸ್ಮಾರಕ ನಾಣ್ಯಗಳಲ್ಲಿ ಅದೇ ಮೊದಲನೆಯದು. ೧೯೬೯ರ ಗಾಂಧೀ ಶತಾಬ್ದಿಯ ಹಳದಿ ಬಣ್ಣದ ಇಪ್ಪತ್ತು ಪೈಸೆಯಿದೆ. ೨೦೧೧ರಲ್ಲಿ ಇಪ್ಪತ್ತೈದು ಪೈಸೆಯೂ ಅದಕ್ಕಿಂತ ಕಿರಿಯ ನಾಣ್ಯಗಳೂ ಚಲಾವಣೆಯಿಂದ ನಿಂತುಹೋದಮೇಲೆ ಅದಕ್ಕೀಗ ಗೌರವವಲ್ಲದೆ ಬೇರೆ ಬೆಲೆಯಿಲ್ಲ. ದಾಂಡೀ ಯಾತ್ರೆಗೆ ಎಪ್ಪತ್ತೈದು ವರ್ಷ ತುಂಬಿದಾಗ ೨೦೦೫ರಲ್ಲಿ ಬಂದ ಐದು ರೂಪಾಯಿ, ಮರುವರ್ಷದ ನಮ್ಮ ಬಸವೇಶ್ವರರ ಐದು ರೂಪಾಯಿ, ೨೦೦೭ರ ಭಗತ್ ಸಿಂಗ್ ಶತಾಬ್ದಿಯ ಐದು ರೂಪಾಯಿ, ಎಲ್ಲವೂ ಇವೆ. ಬಟ್ಟೆ ಬಿಚ್ಚಿದರೆ ಸಾಕು, ಒಂದೊಂದು ಮುಖ ನಮ್ಮನ್ನು ನೋಡುತ್ತದೆ.

ಒಂದರಲ್ಲಿ ಮಾತ್ರ ಮುಖವಿಲ್ಲ. ಅದು ೧೯೯೭ರ ಒಂದು ರೂಪಾಯಿ. ಬೆಳ್ಳಿಯಲ್ಲ, ಚಿನ್ನವಲ್ಲ, ದಿನಬಳಕೆಯ ಉಕ್ಕಿನದು. ಒಂದು ಬದಿಗೆ ಅಶೋಕಸ್ತಂಭದ ಸಿಂಹಗಳು. ಇನ್ನೊಂದು ಬದಿಗೆ ಒಂದು ಕಟ್ಟಡ. ಅದರೊಡನೆ ಹಿಂದಿ ಮತ್ತು ಇಂಗ್ಲಿಷ್ ಅಕ್ಷರಗಳಲ್ಲಿ ‘ಸೆಲ್ಯುಲರ್ ಜೈಲ್, ಪೋರ್ಟ್ ಬ್ಲೇರ್’ ಎಂಬ ಹೆಸರು. ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ವರ್ಷ ಅದು. ತರಕಾರಿಯವಳು ಕೊಟ್ಟ ಚಿಲ್ಲರೆಯಲ್ಲಿ ಆ ನಾಣ್ಯ ಸಿಕ್ಕಿದ ದಿನ ತಂದೆಯವರು ಅದನ್ನು ಬೆಳಕಿಗೆ ಹಿಡಿದು, “ಇದರಲ್ಲಿ ಯಾರ ಮುಖವೂ ಇಲ್ಲ ನೋಡು. ಯಾರದೆಂದು ಹಾಕುವುದು? ಅಲ್ಲಿಗೆ ಹೋದವರು ಒಬ್ಬಿಬ್ಬರೇ?” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಒಮ್ಮೆ ಹೋಗಿ ನೋಡಬೇಕು” ಎಂದೂ ಸೇರಿಸಿದರು. ಮೊದಲು ರಜೆ ಸಿಗಲಿಲ್ಲ, ಆಮೇಲೆ ಹಣ ಒದಗಲಿಲ್ಲ, ಎರಡೂ ಒದಗಿದಾಗ ಮೊಣಕಾಲು ಒಪ್ಪಲಿಲ್ಲ. ಹೀಗಾಗಿ ಕಳೆದ ಚಳಿಗಾಲದಲ್ಲಿ ನಾನು, ನನ್ನ ಮಡದಿ, ಹನ್ನೆರಡು ವರ್ಷದ ಮಗಳು ಅಂಡಮಾನಿಗೆ ಹೊರಟಾಗ, ಆ ರೂಪಾಯಿ ನನ್ನ ಅಂಗಿಯ ಜೇಬಿನಲ್ಲಿ ನಾಲ್ಕನೆಯ ಪ್ರಯಾಣಿಕನಾಗಿ ಬಂದಿತು.

ಕರಿನೀರಿನ ಶಿಕ್ಷೆ ಎಂಬ ಮಾತನ್ನು ನಮ್ಮ ಅಜ್ಜಿಯರು ತಗ್ಗಿದ ದನಿಯಲ್ಲಿ ಆಡುತ್ತಿದ್ದರು. ಸಮುದ್ರ ದಾಟಿದವನಿಗೆ ಜಾತಿಯೂ ಇಲ್ಲ, ಊರೂ ಇಲ್ಲ, ಬಹುಮಟ್ಟಿಗೆ ಹಿಂತಿರುಗುವುದೂ ಇಲ್ಲ. ೧೮೫೭ರ ದಂಗೆಯನ್ನು ಅಡಗಿಸಿದ ಮರುವರ್ಷವೇ, ಮಾರ್ಚಿ ತಿಂಗಳಲ್ಲಿ, ಇನ್ನೂರು ಮಂದಿ ಕೈದಿಗಳನ್ನು ಹೊತ್ತ ಹಡಗು ಇಲ್ಲಿಗೆ ಬಂದಿತು. ಕಾಡು ಕಡಿದು ತಮ್ಮ ಸೆರೆಯನ್ನು ತಾವೇ ಕಟ್ಟಿಕೊಂಡ ಆ ಜನರಲ್ಲಿ ಎಷ್ಟೋ ಮಂದಿ ಹೆಸರಿಲ್ಲದೆ ಹೋದರು. ಇಂದು ಮದ್ರಾಸಿನಿಂದ ಹಡಗಿನಲ್ಲಿ ಹೋದರೆ ಮೂರು ದಿನ; ವಿಮಾನದಲ್ಲಾದರೋ ಎರಡು ಗಂಟೆಗೆ ತುಸು ಮೇಲೆ. ನಮ್ಮ ಮಗಳು ಕಿಟಕಿಯಿಂದ ಇಣುಕಿ, “ನೀರು ಕರಿಯದಲ್ಲ, ನೀಲಿ!” ಎಂದು ದೂರಿತ್ತಳು. ಅವಳನ್ನು ಹೇಗೆ ಒಪ್ಪಿಸಲಿ? ಆ ನೀರಿಗೆ ಬಣ್ಣ ಕೊಟ್ಟದ್ದು ಸಮುದ್ರವಲ್ಲ.

ಊರು ಗುಡ್ಡದ ಏರಿಳಿತಗಳ ಮೇಲೆ ಹರಡಿಕೊಂಡಿದೆ. ೨೦೨೪ರ ಸೆಪ್ಟೆಂಬರಿನಿಂದ ಅದರ ಹೆಸರು ಶ್ರೀ ವಿಜಯಪುರಂ. ನನ್ನ ಜೇಬಿನ ರೂಪಾಯಿ ಮಾತ್ರ ಇನ್ನೂ ಹಳೆಯ ಹೆಸರನ್ನೇ ಹಿಡಿದುಕೊಂಡಿದೆ. ಉಕ್ಕಿನಲ್ಲಿ ಒತ್ತಿದ ಮಾತನ್ನು ತಿದ್ದುವುದು ಸುಲಭವಲ್ಲ.

ಸೆರೆಮನೆಯಿರುವುದು ಸಮುದ್ರಕ್ಕೆ ಚಾಚಿಕೊಂಡ ಅಟ್ಲಾಂಟಾ ಪಾಯಿಂಟ್ ಎಂಬ ದಿಣ್ಣೆಯ ಮೇಲೆ. ಕಟ್ಟಲು ತೊಡಗಿದ್ದು ೧೮೯೬ರಲ್ಲಿ, ಮುಗಿಸಿದ್ದು ೧೯೦೬ರಲ್ಲಿ. ಇಟ್ಟಿಗೆ ಬಂದದ್ದು ಬರ್ಮಾದಿಂದ, ದುಡಿದದ್ದು ಕೈದಿಗಳು. ನಡುವೆ ಒಂದು ಕಾವಲು ಗೋಪುರ. ಚಕ್ರದ ಅರೆಕಾಲುಗಳಂತೆ ಅದರಿಂದ ಹೊರಟ ಏಳು ಸಾಲು ಕಟ್ಟಡಗಳು. ಒಂದೊಂದೂ ಮೂರು ಅಂತಸ್ತು. ಕೋಣೆಗಳ ಒಟ್ಟು ಸಂಖ್ಯೆ ಏಳುನೂರಕ್ಕೆ ಸ್ವಲ್ಪ ಕಡಮೆ. ಮಲಗಲು ಸಾಮೂಹಿಕ ಕೊಠಡಿ ಎಂಬುದೊಂದೂ ಇಲ್ಲ, ಒಬ್ಬನಿಗೊಂದು ಗೂಡು. ಸೆರೆಮನೆಗೆ ಆ ಹೆಸರು ಬಂದದ್ದು ಈ ಗೂಡುಗಳಿಂದಲೇ. ಒಂದು ಸಾಲಿನ ಮುಂಭಾಗವು ಮತ್ತೊಂದರ ಬೆನ್ನನ್ನು ನೋಡುವಂತೆ ಕಟ್ಟಿರುವುದರಿಂದ, ಕಂಬಿಯ ಹಿಂದೆ ನಿಂತವನಿಗೆ ಎದುರಿಗೆ ಕಾಣುವುದು ಗೋಡೆ ಮಾತ್ರ. ಗಣೇಶ ಸಾವರ್ಕರ್ ಮತ್ತು ವಿನಾಯಕ ಸಾವರ್ಕರ್ ಎಂಬ ಅಣ್ಣತಮ್ಮಂದಿರು ಈ ಒಂದೇ ಸೆರೆಮನೆಯಲ್ಲಿದ್ದೂ ಬಹುಕಾಲ ಒಬ್ಬರ ಮುಖವನ್ನೊಬ್ಬರು ಕಾಣಲಿಲ್ಲವೆಂದರೆ, ಕಟ್ಟಿದವನ ಜಾಣತನವನ್ನು ಊಹಿಸಬಹುದು.

ನಾನು ಒಂದು ಕೋಣೆಯ ಒಳಹೊಕ್ಕು ನಿಂತೆ. ಉದ್ದ ಹದಿಮೂರು ಹದಿನಾಲ್ಕು ಅಡಿ, ಅಗಲ ಏಳೆಂಟು ಅಡಿ. ಹಿಂಗೋಡೆಯಲ್ಲಿ, ಕೈಗೆ ಎಟುಕದ ಎತ್ತರದಲ್ಲಿ ಒಂದು ಗವಾಕ್ಷಿ. ಅದರಿಂದ ಗಾಳಿ ಬರುತ್ತದೆ, ಅಲೆಗಳ ಸದ್ದು ಬರುತ್ತದೆ, ಆದರೆ ಸಮುದ್ರ ಕಾಣುವುದಿಲ್ಲ. ಬಾಗಿಲಿನ ಅಗುಳಿ ಹೊರಗೆ ಉದ್ದಕ್ಕೆ ಚಾಚಿ, ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಹೋಗಿ ಕೂರುತ್ತದೆ. ಮಗಳು ಕಂಬಿಗಳ ನಡುವೆ ತನ್ನ ಸಣ್ಣ ಕೈ ತೂರಿಸಿ ಬೀಗವನ್ನು ಮುಟ್ಟಲು ಹೆಣಗಿದಳು. ಬೆರಳು ಎಷ್ಟು ಚಾಚಿದರೂ ಗೂಡು ದೂರವೇ ಉಳಿಯಿತು. ಅವಳು ನಗುತ್ತ ಆರಂಭಿಸಿದ ಆಟ ನಗದೆ ಮುಗಿಯಿತು.

ಕೆಳಗಿನ ಕೊಠಡಿಯಲ್ಲಿ ಗಾಣವೊಂದಿದೆ. ಎತ್ತಿನ ಬದಲು ಮನುಷ್ಯರನ್ನು ಹೂಡಿದ ಗಾಣ. ಒಬ್ಬನ ಪಾಲಿಗೆ ದಿನಕ್ಕೆ ಮೂವತ್ತು ಪೌಂಡು ಕೊಬ್ಬರಿ ಎಣ್ಣೆ; ಕಡಮೆಯಾದರೆ ಬೇಡಿ, ಛಡಿ. ಗೋಣಿಯ ಉಡುಪು, ಕಾಲಿನ ಕಬ್ಬಿಣದ ಸರಳುಗಳು ಕಣ್ಣೆದುರಿಗಿವೆ. ಬಾಂಬು ಮಾಡಿದರೆಂದು ಬಂಗಾಳದಿಂದ ಬಂದ ತರುಣರು, ಗದರ್ ಪಕ್ಷದ ಪಂಜಾಬಿ ರೈತರು, ಎಲ್ಲರೂ ಈ ಕೆಲಸದ ರುಚಿ ಕಂಡವರೇ. ೧೯೧೨ರಲ್ಲಿ ಇಂದುಭೂಷಣ ರಾಯ್ ತನ್ನ ಬಟ್ಟೆಯನ್ನೇ ಹರಿದು ಕೊರಳಿಗೆ ಬಿಗಿದುಕೊಂಡು ಪ್ರಾಣ ನೀಗಿದ. ಉಲ್ಲಾಸಕರ ದತ್ತನ ಬುದ್ಧಿ ಭ್ರಮಿಸಿತು. ೧೯೩೩ರ ಮೇ ತಿಂಗಳಲ್ಲಿ ಕೈದಿಗಳು ತಿನ್ನಲು ಯೋಗ್ಯವಾದ ಅನ್ನಕ್ಕಾಗಿ, ರಾತ್ರಿಯ ದೀಪಕ್ಕಾಗಿ, ಓದಲು ಪುಸ್ತಕಕ್ಕಾಗಿ ಉಪವಾಸ ಹೂಡಿದರು. ಅವರನ್ನು ನೆಲಕ್ಕೊತ್ತಿ ಮೂಗಿಗೆ ನಳಿಗೆ ತೂರಿಸಿ ಹಾಲು ಹೊಯ್ದರು. ಮಹಾವೀರ ಸಿಂಗ್, ಮೋಹನ್ ಕಿಶೋರ್ ನಾಮದಾಸ್, ಮೋಹಿತ್ ಮೈತ್ರ ಎಂಬ ಮೂವರು ಆ ತಿಂಗಳೊಳಗೆ ತೀರಿಕೊಂಡರು. ಮೂವರು ಸತ್ತಮೇಲೆ ದೀಪವೂ ಬಂದಿತು, ಪುಸ್ತಕವೂ ಬಂದಿತು. ರಾತ್ರಿ ಹಾಸಿಗೆಯ ಪಕ್ಕದ ದೀಪವನ್ನು ಒತ್ತಿ ಈ ಪತ್ರಿಕೆಯ ಧಾರಾವಾಹಿಯನ್ನು ಓದುವ ನಾವು, ಆ ವಸ್ತುಗಳಿಗೆ ಹೀಗೊಂದು ಬೆಲೆಯೂ ಇತ್ತೆಂಬುದನ್ನು ಬಲ್ಲೆವೆ?

ಗೋಪುರದ ಬುಡದಲ್ಲಿ ಅಮೃತಶಿಲೆಯ ಫಲಕಗಳಿವೆ. ಪ್ರಾಂತ ಪ್ರಾಂತವಾಗಿ ಕೈದಿಗಳ ಹೆಸರುಗಳು. ಬಂಗಾಳದ್ದೇ ಅತಿ ದೊಡ್ಡ ಪಟ್ಟಿ. ನಾನು ಜೇಬಿನಿಂದ ರೂಪಾಯಿಯನ್ನು ತೆಗೆದು ಫಲಕದ ಪಕ್ಕದಲ್ಲಿ ಹಿಡಿದೆ. ಇಷ್ಟೊಂದು ಹೆಸರುಗಳಲ್ಲಿ ಯಾವ ಮುಖವನ್ನು ಆರಿಸುವುದು? ಆರಿಸದೆ ಕಟ್ಟಡವನ್ನಷ್ಟೇ ಕೆತ್ತಿದ ಆ ಕುಶಲಕರ್ಮಿಯ ಬಗೆಗೆ ನನಗೆ ಗೌರವ ಹುಟ್ಟಿತು. ತಂದೆಯವರ ಮಾತು ನಿಜವಾಗಿತ್ತು.

ಗೋಪುರದ ಮೇಲೇರಿದಾಗ ಮಾತ್ರ ಒಂದು ಕೊರತೆ ಎದ್ದುಕಾಣುತ್ತದೆ. ಏಳು ಅರೆಕಾಲುಗಳಲ್ಲಿ ಈಗ ಉಳಿದಿರುವುದು ಮೂರೇ. ೧೯೪೧ರ ಭೂಕಂಪ ಕೆಲವನ್ನು ಅಲುಗಿಸಿತು. ಯುದ್ಧಕಾಲದಲ್ಲಿ ಜಪಾನೀಯರು ಕೆಲವನ್ನು ಕೆಡವಿದರು. ಸ್ವಾತಂತ್ರ್ಯ ಬಂದಮೇಲೆ ನಾವೂ ಕೆಡವಿದೆವು. ಹಾಗೆ ತೆರವಾದ ಜಾಗದಲ್ಲಿ ೧೯೬೩ರಲ್ಲಿ ಗೋವಿಂದ ವಲ್ಲಭ ಪಂತ್ ಆಸ್ಪತ್ರೆ ತಲೆಯೆತ್ತಿತು. ರೋಗಿಗಳಿಗೆ ಹಾಸಿಗೆ ಬೇಡವೆಂದು ಯಾರು ಹೇಳಿಯಾರು? ಆದರೆ ಕೆಡವುವುದನ್ನು ನಿಲ್ಲಿಸಿರೆಂದು ಕೂಗಿದವರಲ್ಲಿ, ಒಂದು ಕಾಲಕ್ಕೆ ಇದೇ ಗೂಡುಗಳಲ್ಲಿ ಕೊಳೆತಿದ್ದವರೇ ಮುಂದಾಗಿದ್ದರು. ತಮ್ಮನ್ನು ಹಿಂಡಿದ ಗೋಡೆ ಉಳಿಯಲೆಂದು ಬೇಡಿದ ಸೆರೆಯಾಳುಗಳ ಕಥೆ ಬೇರೆಲ್ಲಾದರೂ ಉಂಟೇ? ಅವರ ಮಾತು ನಡೆಯಿತು. ೧೯೭೯ರ ಫೆಬ್ರವರಿ ೧೧ರಂದು ಪ್ರಧಾನಮಂತ್ರಿ ಮೊರಾರ್ಜಿ ದೇಸಾಯಿಯವರು ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು.

ಗೋಪುರದಿಂದ ಸಮುದ್ರ ಕೊನೆಗೂ ಕಾಣುತ್ತದೆ. ಅನತಿ ದೂರದಲ್ಲಿ, ಹಿಂದೆ ರಾಸ್ ಎಂದು ಹೆಸರಾಗಿದ್ದ, ೨೦೧೮ರಿಂದ ನೇತಾಜಿಯವರ ಹೆಸರು ಹೊತ್ತ ಹಸುರು ದ್ವೀಪ. ಬಿಳಿಯ ಅಧಿಕಾರಿಗಳ ಬಂಗಲೆ, ಚರ್ಚು, ನೃತ್ಯಶಾಲೆಗಳಿದ್ದ ಸ್ಥಳ. ಆಚೆ ಮೌಂಟ್ ಹ್ಯಾರಿಯೆಟ್. ೧೮೯೧ರ ಯುದ್ಧದಲ್ಲಿ ಸೋತ ಮಣಿಪುರದ ಮಹಾರಾಜ ಕುಲಚಂದ್ರ ಸಿಂಹನನ್ನೂ ಅವನ ಸಂಗಡಿಗರನ್ನೂ ಅಲ್ಲಿಗೆ ಗಡೀಪಾರು ಮಾಡಿದ್ದರು. ಅದರ ನೆನಪಿಗೆ ೨೦೨೧ರಲ್ಲಿ ಅದು ಮೌಂಟ್ ಮಣಿಪುರವಾಯಿತು. ಹಳೆಯ ಕೆಂಪು ಇಪ್ಪತ್ತರ ನೋಟಿನ ಹಿಂಬದಿಯಲ್ಲಿ ತಾಳೆಮರಗಳ ನಡುವೆ ಕಾಣುವ ಕಡಲು ಆ ಬೆಟ್ಟದಿಂದ ಕಂಡ ನೋಟವೇ. ಈ ದ್ವೀಪ ನಮಗರಿಯದಂತೆ ಎಷ್ಟು ಸಲ ನಮ್ಮ ಕೈಗಳಲ್ಲಿ ಹಾದುಹೋಗಿದೆ!

ಈ ಸೆರೆಮನೆಯನ್ನು ಹೊತ್ತ ಮತ್ತೊಂದು ನಾಣ್ಯವೂ ಇದೆ. ೧೯೪೩ರ ಡಿಸೆಂಬರ್ ೩೦ರಂದು ನೇತಾಜಿ ಸುಭಾಷ್‌ಚಂದ್ರ ಬೋಸರು ಈ ಊರಿನಲ್ಲಿ ತ್ರಿವರ್ಣಧ್ವಜವನ್ನು ಹಾರಿಸಿದರು. ಅದಕ್ಕೆ ಎಪ್ಪತ್ತೈದು ತುಂಬಿದಾಗ, ೨೦೧೮ರಲ್ಲಿ, ಎಪ್ಪತ್ತೈದು ರೂಪಾಯಿಯ ಸ್ಮಾರಕ ನಾಣ್ಯ ಬಂದಿತು. ಮೂವತ್ತೈದು ಗ್ರಾಂ ತೂಕ, ಅರ್ಧದಷ್ಟು ಬೆಳ್ಳಿ. ಧ್ವಜಕ್ಕೆ ವಂದಿಸುವ ನೇತಾಜಿ, ಹಿಂದೆ ಸೆರೆಮನೆ. ಇಂಥವು ಸಂತೆಗೆ ಬರುವುದಿಲ್ಲ; ಟಂಕಸಾಲೆಯಿಂದ ಹೆಚ್ಚಿನ ಬೆಲೆ ಕೊಟ್ಟು ಕೊಂಡವರ ಮನೆಯಲ್ಲಿ ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿರುತ್ತವೆ.

ಚಿತ್ರ ಭವ್ಯವಾದದ್ದು, ಸತ್ಯವಾದದ್ದು. ಆದರೆ ಅದೇ ದಿನ, ಆ ಹಿನ್ನೆಲೆಯ ಗೋಡೆಗಳೊಳಗೆ ಡಾಕ್ಟರ್ ದಿವಾನ್ ಸಿಂಗ್ ಎಂಬ ವೈದ್ಯರಿದ್ದರು. ಪಂಜಾಬಿಯಲ್ಲಿ ಕವಿತೆ ಬರೆದವರು. ದ್ವೀಪದ ಜನಕ್ಕೆ ಬೇಕಾದವರು. ೧೯೪೨ರಲ್ಲಿ ದ್ವೀಪವನ್ನು ಹಿಡಿದ ಜಪಾನೀಯರು, ಬ್ರಿಟಿಷರ ಗೂಢಚಾರರೆಂಬ ಆರೋಪ ಹೊರಿಸಿ ಅವರನ್ನು ಸೆರೆಗೆ ತಳ್ಳಿದ್ದರು. ಹೊಡೆತ ತಿನ್ನುತ್ತಿದ್ದವರ ಅಂಗಳ ಅತಿಥಿಯ ಕಣ್ಣಿಗೆ ಬೀಳದಂತೆ ಆಳುವವರು ನೋಡಿಕೊಂಡರು. ಧ್ವಜ ಹಾರಿದ ಹದಿನೈದು ದಿನಕ್ಕೆ, ೧೯೪೪ರ ಜನವರಿ ೧೪ರಂದು, ದಿವಾನ್ ಸಿಂಗರು ಅಲ್ಲಿಯೇ ಅಸುನೀಗಿದರು. ಅದೇ ತಿಂಗಳ ೩೦ರಂದು ಹಂಫ್ರೀಗಂಜಿನಲ್ಲಿ ನಲವತ್ತನಾಲ್ಕು ಮಂದಿಯನ್ನು ಗುಂಡಿಟ್ಟು ಕೊಂದರು. ನಾಣ್ಯಕ್ಕೆ ಎರಡು ಬದಿಗಳು ಮಾತ್ರ ಉಂಟು. ನಡೆದುದಕ್ಕೆ ಅದಕ್ಕಿಂತ ಹೆಚ್ಚು ಬದಿಗಳಿದ್ದರೆ ಉಳಿದವನ್ನು ಬಾಯಿಂದಲೇ ಹೇಳಬೇಕು.

ಮನೆಯಿಂದ ಹೊರಡುವಾಗ ನನ್ನದೊಂದು ಗುಟ್ಟಿನ ಯೋಚನೆಯಿತ್ತು. ತಂದೆಯವರ ರೂಪಾಯಿಯನ್ನು ಯಾವುದಾದರೊಂದು ಕೋಣೆಯಲ್ಲಿ ಇಟ್ಟು ಕೈಮುಗಿದು ಬರುವುದೆಂದು. ಮೂರನೆಯ ಅಂತಸ್ತಿನಲ್ಲಿ ಯಾರೂ ಇಲ್ಲದ ಸಮಯ ನೋಡಿ ನೆಲದ ಮೇಲೆ ಇಟ್ಟೂ ಇಟ್ಟೆ. ಹಿಂದಿನಿಂದ ವಯಸ್ಸಾದ ಕಾವಲುಗಾರನೊಬ್ಬ ಬಂದು ಅದನ್ನು ಎತ್ತಿ ನನ್ನ ಕೈಗೆ ಹಾಕಿದ. “ಸಂಜೆ ಗುಡಿಸುವಾಗ ಕಸದೊಡನೆ ಹೋಗುತ್ತದೆ, ಬಾಬೂಜಿ. ಇಲ್ಲಿಗೆ ಬಂದವರು ಹೊರಗೆ ಹೋಗಬೇಕೆಂದೇ ಬಯಸಿದ್ದರು. ಇದನ್ನೂ ಹೊರಗೆ ಒಯ್ಯಿರಿ” ಎಂದ. ನಾಚಿಕೆಯಿಂದ ಮರುಮಾತಾಡದೆ ತೆಗೆದುಕೊಂಡೆ.

ಐದೂವರೆ ಎನ್ನುವಷ್ಟರಲ್ಲಿ ಮಬ್ಬು ಕವಿಯಿತು. ಅಲ್ಲಿ ಕತ್ತಲೆ ಬೇಗ. ಎದುರಿನ ಉದ್ಯಾನದಲ್ಲಿ, ಈ ಸೆರೆಯಲ್ಲಿ ಮಡಿದ ಆರು ಮಂದಿಯ ಪ್ರತಿಮೆಗಳಿವೆ: ಇಂದುಭೂಷಣ, ಭಾನ್ ಸಿಂಗ್, ರಾಮರಖಾ, ಮಹಾವೀರ ಸಿಂಗ್, ಮೋಹನ್ ಕಿಶೋರ್, ಮೋಹಿತ್ ಮೈತ್ರ. ಮಗಳು ಒಬ್ಬೊಬ್ಬರ ಮುಂದೆಯೂ ನಿಂತು ಹೆಸರನ್ನು ತನ್ನ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು. ಏಳನೆಯದಾಗಿ ದಿವಾನ್ ಸಿಂಗರ ಹೆಸರನ್ನು ಕೇಳಿ ಬರೆದಳು.

ಬೆಂಗಳೂರಿಗೆ ಬಂದಮೇಲೆ ನಾಣ್ಯವನ್ನು ಡಬ್ಬಿಗೆ ಹಾಕಲು ಹೋದಾಗ ಅವಳು ಅಡ್ಡಬಂದಳು. “ಮತ್ತೆ ಒಳಗೇ ಹಾಕಬೇಕೇ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಈಗ ಆ ರೂಪಾಯಿ ಅವಳ ರೇಖಾಗಣಿತದ ಪೆಟ್ಟಿಗೆಯಲ್ಲಿ ಕೈವಾರದ ಜೊತೆಗಿದೆ. ಶಾಲೆಯಲ್ಲಿ ಗೆಳತಿಯರ ಕೈಯಿಂದ ಕೈಗೆ ಹೋಗುತ್ತದೆಯಂತೆ. ಇದರಲ್ಲಿ ಯಾರ ಮುಖವೂ ಇಲ್ಲವಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಇವಳು ಇಂದುಭೂಷಣನಿಂದ ತೊಡಗುತ್ತಾಳೆ.

ಹೀಗೆ ತಿರುಗಿದರೆ ಮುದ್ರೆ ಸವೆದುಹೋದೀತೆಂದು ನನ್ನ ಮಡದಿಯ ಆತಂಕ. ಸವೆಯಲಿ ಎಂದಿದ್ದೇನೆ.