ಅಪ್ಪಯ್ಯನ ಗೂಟ

ಕಳೆದ ಮಳೆಗಾಲದ ಒಂದು ಭಾನುವಾರ. ನೆರೂಳಿನ ನಮ್ಮ ಬಾಲ್ಕನಿಯಲ್ಲಿ, ಒಣಗದ ಬಟ್ಟೆಗಳ ನಡುವೆ ಚಹಾ ಕುಡಿಯುತ್ತಾ ಕೂತಿದ್ದೆ. ಕೊಲೊರಾಡೊದಿಂದ ತಮ್ಮನ ಮಗನ ಫೋನು.

"ದೊಡ್ಡಪ್ಪಯ್ಯ, ಒಂದು ರೈಫಲ್ ತಗೊಳ್ಳೋಣ ಅಂತಿದ್ದೇನೆ. ಆಫೀಸಿನವರು ಎಲ್ಕ್ ಬೇಟೆಗೆ ಕರೀತಿದ್ದಾರೆ. ಅಪ್ಪನಿಗೆ ಹೇಳಿದ್ರೆ ಬೈತಾರೆ. ಯಾವುದು ಒಳ್ಳೇದು ಅಂತ ಅಜ್ಜಯ್ಯನ ಹತ್ರ ನೀವೇ ಕೇಳಿ."

ನನಗೆ ನಗು ಬಂತು. 1979ರಲ್ಲಿ ಊರು ಬಿಟ್ಟು ಮುಂಬಯಿ ಸೇರಿದವನು ನಾನು. ನೆರೂಳಿನಲ್ಲಿ ನಾನು ಮಾಡುವ ಬೇಟೆ ಅಂದರೆ ಮಳೆ ಬರುವಾಗ ಸ್ಟೇಷನ್ ಹೊರಗೆ ರಿಕ್ಷಾ ಹಿಡಿಯೋದು. ಆದರೆ ಫೋನ್ ಇಟ್ಟ ಮೇಲೆ ನಗು ಉಳಿಯಲಿಲ್ಲ. ಈ ವಿಷಯ ಅಪ್ಪಯ್ಯನ ಹತ್ತಿರ ಎತ್ತುವುದು ಅಷ್ಟು ಸುಲಭ ಅಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮೂರು ಕುಂದಾಪುರದಿಂದ ಒಳಗೆ, ಅಮಾಸೆಬೈಲಿನ ಕಡೆ. ಮನೆ ಹಿಂದೆಯೇ ಕಾಡು. 1969ರಲ್ಲಿ ಅಪ್ಪಯ್ಯ ಒಂದು ಹಳೆಯ ಜೋಡುನಳಿಗೆ ತೋಟಾ ಕೋವಿ ಕೊಂಡರು, ಹನ್ನೆರಡು ಬೋರಿನದ್ದು. ನನಗಾಗ ಹತ್ತು ವರ್ಷ. ಕೊಳ್ಳುವಾಗ ಅವರು ಮಾಡಿದ ಪರೀಕ್ಷೆ ಇನ್ನೂ ಕಣ್ಣಲ್ಲಿದೆ. ಕೋವಿ ಮುರಿದು ನಳಿಗೆಯನ್ನು ಆಕಾಶಕ್ಕೆ ಹಿಡಿದು, ಒಳಗೆ ತುಕ್ಕಿನ ಗುಳಿ ಇದೆಯಾ ಎಂದು ನೋಡಿದರು. ಮುಚ್ಚಿ, ಅಲುಗಾಡಿಸಿ, ಸಂದು ಸಡಿಲವಾಗಿದೆಯಾ ಅಂತ ಕಿವಿಗೊಟ್ಟರು. ಕಣ್ಣು ಮುಚ್ಚಿ ಹೆಗಲಿಗೇರಿಸಿ, ಮತ್ತೆ ಕಣ್ಣು ಬಿಟ್ಟು, ಗುರಿ ನೇರ ನಿಂತಿತಾ ಅಂತ ಕಂಡರು. ಎಲ್ಲಾ ಸರಿ ಇತ್ತು. ಒಂದನ್ನು ಮಾತ್ರ ಮಾಡಲಿಲ್ಲ. ತೋಟೆ ದುಬಾರಿ ಅಂತ ಕಾಗದಕ್ಕೆ ಹೊಡೆದು ನೋಡಲಿಲ್ಲ.

(ಆ ತೋಟೆಗಳದ್ದೇ ಒಂದು ತಮಾಷೆ. ಪುಣೆಯ ಖಡ್ಕಿಯಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆ ಇದೆ. ಹನ್ನೆರಡು ಬೋರಿನ 'ಶಕ್ತಿಮಾನ್' ತೋಟೆ ಅಲ್ಲಿಯದೇ. ಇದು ನನಗೆ ತಿಳಿದದ್ದು ಮುಂಬಯಿಗೆ ಬಂದ ಮೇಲೆ. ಪುಣೆಗೆ ಹೋಗುವಾಗ ರೈಲು ಖಡ್ಕಿ ದಾಟಿದರೆ ಈಗಲೂ ಅಪ್ಪಯ್ಯನ ನೆನಪಾಗುತ್ತದೆ.)

ಆ ವರ್ಷ ದೀಪಾವಳಿ ಹೊತ್ತಿಗೆ ಗದ್ದೆಯಲ್ಲಿ ತೆನೆ ಬಾಗಿತ್ತು. ಕಡವೆಗಳು ರಾತ್ರಿ ಇಳಿದು ಅರ್ಧ ಗದ್ದೆ ಮುಗಿಸಿದ್ದವು. ಬೆಳೆಗೆ ಬಿದ್ದದ್ದನ್ನು ಹೊಡೆಯುವುದು ಆಗ ಊರಲ್ಲಿ ಯಾರಿಗೂ ತಪ್ಪೆನಿಸುತ್ತಿರಲಿಲ್ಲ. ಮಾಳದ ಮೇಲೆ ಅಪ್ಪಯ್ಯನ ಜೊತೆ ನಾನೂ ಇದ್ದೆ, ಟಾರ್ಚು ಹಿಡಿಯಲಿಕ್ಕೆ. ಗದ್ದೆಯ ಆಚೆ ಅಂಚಿನಲ್ಲಿ ಎರಡು ಕಣ್ಣು ಹೊಳೆದವು. ಅರವತ್ತು ಹೆಜ್ಜೆಯಾದರೂ ಇದ್ದೀತು. ಅಪ್ಪಯ್ಯ ಎಸ್‌ಜಿ ತೋಟೆಯಲ್ಲಿ ಈಡು ಹೊಡೆದರು. ಕಡವೆ ಒಮ್ಮೆ ಕೂಗಿತು, ಮುಗ್ಗರಿಸಿತು, ಎದ್ದು ಕಾಡು ಸೇರಿತು.

ಬೆಳಿಗ್ಗೆ ಇಬ್ಬನಿಯ ಮೇಲೆ ರಕ್ತ ಇತ್ತು. ಹಳ್ಳದವರೆಗೆ ಹೋದೆವು, ಅಲ್ಲಿ ಜಾಡು ತಪ್ಪಿತು. ಅಪ್ಪಯ್ಯ ಮೂರು ದಿನ ಹುಡುಕಿದರು. ಗದ್ದೆ ಕೊಯ್ಯುವ ಆಳುಗಳು ಕಾಯುತ್ತಿದ್ದರೂ ಮನೆಗೆ ಬರುತ್ತಿರಲಿಲ್ಲ. ನಾಲ್ಕನೇ ದಿನ ಹದ್ದುಗಳು ಸುತ್ತುವುದು ಕಂಡು ಜಾಗ ಗೊತ್ತಾಯಿತು. ಹೊಟ್ಟೆಗೆ ಒಂದೇ ಒಂದು ಗುಂಡು ಬಿದ್ದಿತ್ತು.

ಮಾರನೆಯ ದಿನ ಅಪ್ಪಯ್ಯ ಹಳೆಯ ಪೇಪರು ಅಂಟಿಸಿದ ಗೋಣಿಯನ್ನು ಧರೆಗೆ ಒರಗಿಸಿ ಕಟ್ಟಿದರು. ಇಪ್ಪತ್ತು, ಮೂವತ್ತು, ನಲವತ್ತು, ಅರವತ್ತು ಹೆಜ್ಜೆಯಿಂದ ಒಂದೊಂದು ಈಡು. ತೂತು ಎಣಿಸಿ ಮಸಿಯಲ್ಲಿ ಸುತ್ತು ಹಾಕುವ ಕೆಲಸ ನನ್ನದು. ಇಪ್ಪತ್ತಕ್ಕೆ ಗುಂಡೆಲ್ಲ ಒಂದು ಊಟದ ತಟ್ಟೆಯಷ್ಟು ಜಾಗದಲ್ಲಿ. ಮೂವತ್ತಕ್ಕೂ ಪರವಾಗಿಲ್ಲ. ಅರವತ್ತಕ್ಕೆ ಇಡೀ ಗೋಣಿಗೆ ಬಿದ್ದದ್ದು ಒಂದು. ಅಪ್ಪಯ್ಯ ಒಂದೂ ಮಾತಾಡಲಿಲ್ಲ. ಮಾಳದಿಂದ ಮೂವತ್ತು ಹೆಜ್ಜೆ ಅಳೆದು, ಗದ್ದೆಯ ಸುತ್ತ ಬಿದಿರಿನ ಗೂಟ ಹುಗಿದರು. ಗೂಟದಿಂದ ಆಚೆಗೆ ಇದ್ದದ್ದು ತಿಂದುಕೊಂಡು ಹೋಗಲಿ ಅಂತ ಲೆಕ್ಕ. ಆಮೇಲೆ 1972ರ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ನಮ್ಮ ಹತ್ತಿರದ ಸೋಮೇಶ್ವರ ಅಭಯಾರಣ್ಯವಾಯಿತು, 1991ರ ತಿದ್ದುಪಡಿ ಉಳಿದ ಬೇಟೆಯ ಬಾಗಿಲನ್ನೂ ಮುಚ್ಚಿತು. ಕೋವಿ ಈಗ ಚುನಾವಣೆ ಬಂದಾಗ ಠಾಣೆಗೆ ಹೋಗಿ ಬರುತ್ತದೆ, ಅಷ್ಟೇ. ಆ ಕಡವೆಯ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಆದರೂ ಕೇಳಿದೆ. ಅಪ್ಪಯ್ಯನಿಗೆ ಈಗ ಎಂಬತ್ತೆಂಟು. ಎಲ್ಕ್ ಅಂದರೆ ಎಂಥದು ಅಂದರು. ಸಿಲೋನಿನ ಇಂಗ್ಲಿಷರು ನಮ್ಮ ಕಡವೆಯನ್ನೇ ಎಲ್ಕ್ ಅನ್ನುತ್ತಿದ್ದರು. ಅಮೆರಿಕದ್ದು ಬೇರೆ, ಕಡವೆಯ ದೊಡ್ಡಣ್ಣ, ಗಂಡು ಮುನ್ನೂರು ಕೆಜಿ ದಾಟುತ್ತದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡು ಪ್ರಶ್ನೆ ಹೇಳಿದರು.

"ಕಾಗ್ದಕ್ಕೆ ಹೊಡ್ದ್ ಕಂಡಿದ್ನಾ ಕೇಣ್. ಮತ್ತೆ, ಗಾಯ ಆಯಿ ಓಡಿ ಹೋರೆ ಹುಡ್ಕುಕೆ ಎಷ್ಟ್ ದಿನ ರಜೆ ಇತ್ತ್ ಕೇಣ್."

ಎರಡನ್ನೂ ಹಾಗೇ ದಾಟಿಸಿದೆ. 1969ರ ಕತೆಯನ್ನೂ ಹೇಳಿದೆ. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ಅವನ ಪರೀಕ್ಷೆ ಶುರುವಾಯಿತು. ಕೊಲೊರಾಡೊದಲ್ಲಿ ಎಲ್ಕಿಗೆ ರೈಫಲಿನ ಕ್ಯಾಲಿಬರ್ ಕಡಿಮೆಯೆಂದರೆ .24 ಇರಬೇಕು, ಗುಂಡು ತಾಗಿದಾಗ ಅರಳುವಂಥದ್ದಿರಬೇಕು. 1949ರಿಂದ ಈಚೆಗೆ ಹುಟ್ಟಿದವರು ಬೇಟೆಯ ಪಾಠ ಕಲಿತು ಕಾರ್ಡು ಪಡೆಯಬೇಕು. ಗೆಳೆಯರು ದೊಡ್ಡ .300 ಮ್ಯಾಗ್ನಮ್ ತಗೋ ಅಂದಿದ್ದರಂತೆ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹೊಡೆದರೆ, ಹೆಗಲಿಗೆ ಒದೆತ ಜೋರು. ಕುದುರೆ ಎಳೆಯುವ ಮೊದಲೇ ಇವನ ಕಣ್ಣು ಮುಚ್ಚುತ್ತಿತ್ತು, ಮೂರು ಗುಂಡು ಮೂರು ದಿಕ್ಕಿಗೆ. 1925ರಿಂದ ಇರುವ .270ರಲ್ಲಿ ಒದೆತ ಕಡಿಮೆ. ನೂರು ಗಜಕ್ಕೆ ದುರ್ಬೀನು ಹೊಂದಿಸಿಕೊಂಡು ಮೇಜಿನ ಮೇಲೆ ಒರಗಿಸಿ ಹೊಡೆದರೆ ಮೂರೂ ಅಂಗೈಯೊಳಗೆ. ಅದನ್ನೇ ಕೊಂಡ.

ಫೋಟೋ ಅಪ್ಪಯ್ಯನಿಗೆ ತಮ್ಮನ ಮೊಬೈಲಿನಲ್ಲಿ ತೋರಿಸಿದರೆ, ಕಾಡಲ್ಲಿ ಮೇಜು ಇರುತ್ತದಾ ಅಂದರು! ಹುಡುಗ ಮತ್ತೆ ಹೋಗಿ ಕೂತು, ಮೊಣಕಾಲೂರಿ, ನಿಂತು ಹೊಡೆದ. ನಿಂತು ಹೊಡೆದದ್ದು ನೂರು ಗಜಕ್ಕೇ ತಟ್ಟೆಯ ಹೊರಗೆ. ಕೂತರೆ ನೂರೈವತ್ತರವರೆಗೆ ಎಲ್ಲವೂ ಒಳಗೆ, ಇನ್ನೂರಕ್ಕೆ ಚದುರಿತು. "ಹಾಗಾದರೆ ನನ್ನ ಗೂಟ ನೂರೈವತ್ತು, ಅದೂ ಕೂತರೆ ಮಾತ್ರ" ಎಂದು ಅವನೇ ಬರೆದ. ರಜೆಯನ್ನು ಎರಡು ದಿನದಿಂದ ಆರಕ್ಕೆ ಏರಿಸಿದ.

ನವೆಂಬರಿನಲ್ಲಿ ಹೋಗಿ ಬಂದ. ಐದನೇ ದಿನ ಸಂಜೆ ಒಂದು ಗಂಡು ಎಲ್ಕ್ ಬಯಲಲ್ಲಿ ಪಕ್ಕೆ ಕೊಟ್ಟು ನಿಂತಿತ್ತಂತೆ, ಮುನ್ನೂರು ಗಜ ದೂರ. ಜೊತೆಯವರು ಹೊಡಿ ಹೊಡಿ ಅಂದರಂತೆ. ಹತ್ತಿರ ಹೋಗಲು ಮರೆ ಇರಲಿಲ್ಲ. ಇವನು ದುರ್ಬೀನಿನಲ್ಲಿ ನೋಡುತ್ತಾ ಕೂತಿದ್ದು, ಕತ್ತಲಾದ ಮೇಲೆ ಎದ್ದು ಬಂದನಂತೆ. ಬರಿಗೈ.

ಆ ವಾರವೇ ನಾನು ಪನ್ವೇಲಿನಲ್ಲಿ ಮತ್ಸ್ಯಗಂಧ ಹತ್ತಿ ಊರಿಗೆ ಹೋಗುವುದಿತ್ತು. ಜಗಲಿಯಲ್ಲಿ ಕೂತು ಅಪ್ಪಯ್ಯನಿಗೆ ಎಲ್ಲ ಹೇಳಿದೆ. ಇಷ್ಟೆಲ್ಲ ಖರ್ಚು ಮಾಡಿ ಏನೂ ಸಿಗಲಿಲ್ಲವಲ್ಲ ಎಂದು ತಮ್ಮ ಗೊಣಗಿದ. ಅಪ್ಪಯ್ಯ ಎಲೆಗೆ ಸುಣ್ಣ ಹಚ್ಚುತ್ತಾ ಅಂದರು:

"ಹಂಗಾರೆ ಕೋವಿ ಒಳ್ಳೆದೇ ತಕಂಡಿದ."

ಐವತ್ತು ವರ್ಷ ದಾಟಿದ ಮೇಲೆ, ಆ ಕಡವೆ ಬಿದ್ದ ಜಾಗ ಯಾವುದು ಅಂತ ಮೊದಲ ಸಲ ಅವರಾಗಿಯೇ ಕೈತೋರಿಸಿ ಹೇಳಿದರು. ನನಗೆ ಜಾಗ ನೆನಪಿತ್ತು. ಮರೆತವನ ಹಾಗೆ ಕೇಳಿಸಿಕೊಂಡೆ.