ಒಂದ ಡಬ್ಬಿ, ಎರಡ ಸಂಸಾರ

ಒಂದ ಮನ್ಯಾಗ ಎರಡ ಒಲಿ ಹೂಡಿದ್ರ ಓಣ್ಯಾಗ ಏನೇನ ಮಾತ ಹುಟ್ತಾವ ಅನ್ನೋದು ನಿಮಗೆಲ್ಲಾ ಗೊತ್ತ ಅದ. ನಮ್ಮನಿ ಕಂಪ್ಯೂಟರಿನ್ಯಾಗ ಈಗ ಎರಡ ಒಲಿ ಅವ. ಒಂದ ವಿಂಡೋಸ್, ಇನ್ನೊಂದ ಲಿನಕ್ಸ್. ಜಗಳ ಆಗಿ ಹೂಡಿದ್ದಲ್ಲ, ಜಗಳ ಆಗಬಾರದು ಅಂತ ಹೂಡಿದ್ದು. ಅರಿಷಿಣ ಕುಂಕುಮಕ್ಕ ಬಂದ ವೈನಿಗೋಳು "ಅದೇನ, ಚಾಲೂ ಮಾಡಿದ ಕೂಡ್ಲೆ ಯಾರ ಬೇಕು ಅಂತ ಕೇಳ್ತದಲ್ಲ ನಿಮ್ಮ ಕಂಪ್ಯೂಟರ್" ಅಂತ ಅಂದ್ರು. ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಎಲ್ಲಾರಿಗೂ ಒಮ್ಮೆ ಬರದ ಬಿಡೋಣ ಅಂತ ಇದನ್ನ ಬರೀಲಿಕ್ಕೆ ಕೂತೇನಿ.

ನಮ್ಮ ಕಂಪ್ಯೂಟರ್ 2014ರಾಗ ತಗೊಂಡದ್ದು. ಅದರಾಗ ವಿಂಡೋಸ್ 10 ಇತ್ತು. ವಿಂಡೋಸ್ 10ಕ್ಕ ಕಂಪನಿಯವರ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗೀತು. ಹನ್ನೊಂದಕ್ಕ ಏರಸಬೇಕಂದ್ರ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥಾ ಬೇಕ, ನಮ್ಮ ಡಬ್ಬಿಯೊಳಗ ಅದಿಲ್ಲ. ರಿಪೇರಿಯವರು "ಇದನ್ನ ಮೋಡಕಾಕ್ಕ ಹಾಕ್ರಿ, ಹೊಸಾದ ತಗೋರಿ" ಅಂದ್ರು. ಡಬ್ಬಿಗೇನೂ ಆಗಿಲ್ಲ, ಗುಂಡ ಕಲ್ಲಿನಂಗ ಕೂತದ. ಅದನ್ನ ಹೆಂಗ ಮೋಡಕಾಕ್ಕ ಹಾಕೋದು ಹೇಳ್ರಿ?

ಮಗಳು ಇಂಜಿನಿಯರಿಂಗ್ ಮೊದಲನೇ ವರ್ಷದಾಗ ಇದ್ದಾಳ. ಅಕಿಗೆ ಲಿನಕ್ಸ್ ಬೇಕು. "ವಿಂಡೋಸ್ ಪೂರಾ ಒರಸಿ ಹಾಕಿಬಿಡೋಣ ಅಮ್ಮಾ, ಎರಡ ತಾಸಿನ ಕೆಲಸ" ಅಂದ್ಲು. ಅಷ್ಟ ಅಂದದ್ದಕ್ಕ ನಮ್ಮ ಮಾವನವರು ಏನೂ ಮಾತಾಡಲಿಲ್ಲ. ಎದ್ದ ಹೋಗಿ ಕಂಪ್ಯೂಟರಿನ ಮುಂದಿನ ಖುರ್ಚಿ ಮ್ಯಾಲೆ ಕೂತ್ರು. ಸುಮ್ಮನ ಕೂತ್ರು, ಚಾಲೂನೂ ಮಾಡಲಿಲ್ಲ.

ಅವರಿಗೆ ಎಂಬತ್ತೊಂದ ವಯಸ್ಸು. ಆ ಡಬ್ಬಿಯೊಳಗ ನುಡಿ ತಂತ್ರಾಂಶದಾಗ ಬೆರಳೆಣಿಸಿ ಟೈಪ್ ಮಾಡಿಟ್ಟದ್ದೆಲ್ಲಾ ಅದ: ನಮ್ಮ ಅತ್ತೆಯವರು ಹಾಡ್ತಿದ್ದ ಆರತಿ ಹಾಡು, ಬೀಸೋ ಪದ, ಶ್ರಾವಣ ಶುಕ್ರವಾರದ ಹಾಡು. ಅತ್ತೆಯವರು ಇದ್ದಾಗ ಅವರು ಹಾಡೋದು, ಇವರು ಬಡಿಯೋದು. ಅವರು ಹೋದ ಮ್ಯಾಲೆ ನೆನಪಾದಂಗ ಒಂದೊಂದ ಸಾಲು ತಿದ್ದೋದು. ಮಾವನವರಿಗೆ ಬರೋದು ಅದೊಂದ ಕೀಲಿಮಣೆ, ಅದೊಂದ ತಂತ್ರಾಂಶ. ಫೈಲು ನಕಲ ತಗೀಬಹುದು, ಕೈಯ ರೂಢಿ ನಕಲ ತಗೀಲಿಕ್ಕೆ ಬರಂಗಿಲ್ಲ. ಅದಕ್ಕ ಎರಡೂ ಇರಲಿ ಅಂತ ನಾನ ತೀರ್ಮಾನ ಮಾಡಿದೆ.

ಎರಡೂ ಇರಬೇಕಂದ್ರ ಬಾಗಲದಾಗ ಒಬ್ಬರ ಬೇಕು, "ಯಾರ ಮನಿಗೆ ಬಂದ್ರಿ?" ಅಂತ ಕೇಳ್ಲಿಕ್ಕೆ. ಅದಕ್ಕ ಬೂಟ್ ಲೋಡರ್ ಅಂತಾರ. ಗುಂಡಿ ಒತ್ತಿದ ಕೂಡ್ಲೆ ಕಂಪ್ಯೂಟರಿಗೆ ವಿಂಡೋಸೂ ಗೊತ್ತಿರಂಗಿಲ್ಲ, ಲಿನಕ್ಸೂ ಗೊತ್ತಿರಂಗಿಲ್ಲ. ಮದರ್‌ಬೋರ್ಡಿನ ಯುಇಎಫ್‌ಐ ಅನ್ನೋದು ಮೊದಲ ಎಚ್ಚರಾಗ್ತದ. ಅದು ಹಾರ್ಡ್ ಡಿಸ್ಕಿನ ಒಂದ ಸಣ್ಣ ಭಾಗದಾಗ ಹೋಗಿ ನೋಡ್ತದ. ಟಿಬಿಗಟ್ಟಲೆ ಡಿಸ್ಕಿನ್ಯಾಗ ಆ ಭಾಗ ನೂರ ಎಂಬಿ ಆಸುಪಾಸು ಇರ್ತದ, ದೊಡ್ಡ ಮನ್ಯಾಗ ದೇವರ ಗೂಡ ಇದ್ದಂಗ. ವಿಂಡೋಸಿನ ಫೋಲ್ಡರ್ ಬ್ಯಾರೆ, ಲಿನಕ್ಸಿನ ಫೋಲ್ಡರ್ ಬ್ಯಾರೆ ಅಲ್ಲೇ ಇರ್ತಾವ. ಲಿನಕ್ಸಿನ ಕಡೆಯಿಂದ ಬರೋ ಗ್ರಬ್ ಅನ್ನೋ ಬೂಟ್ ಲೋಡರಿಗೆ ಇಬ್ಬರನೂ ಕರೀಲಿಕ್ಕೆ ಬರ್ತದ. ಅದಕ್ಕ ಗ್ರಬ್‌ಗೆ ಯಜಮಾನಿಕೆ ಕೊಟ್ಟು, ಲಿನಕ್ಸ್ ಹಿಂದಿಂದ ಹಾಕೋದು.

ಹಾಕೋ ಮೊದಲ ಮೂರ ಕೆಲಸ ಮಾಡಿದ್ವಿ. ಒಂದ, ಮಾವನವರ ಎಲ್ಲಾ ಫೈಲು ಎರಡ ಪೆನ್ ಡ್ರೈವಿಗೆ ಹಾಕಿ ಒಂದನ್ನ ನಾದಿನಿ ಮನ್ಯಾಗ ಇಟ್ವಿ. ಇದಾಗದ ಹೊರತು ಬ್ಯಾರೆ ಯಾವದಕ್ಕೂ ಕೈ ಹಚ್ಚಬ್ಯಾಡ್ರಿ. ಎರಡ, ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಜಾಗಾ ಸಣ್ಣ ಮಾಡಿ 100 ಜಿಬಿ ಖಾಲಿ ಬಿಟ್ವಿ. ನಾವು ಹಾಕಿದ್ದು ಲಿನಕ್ಸ್ ಮಿಂಟ್. ಅದಕ್ಕ ಕನಿಷ್ಠ 20 ಜಿಬಿ ಸಾಕು, ಆದ್ರ ಕಾಲ ಚಾಚಲಿಕ್ಕೆ 100 ಇದ್ರ ಛೊಲೊ. ಮೂರ, ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಬಂದ ಮಾಡಿದ್ವಿ. ಅದು ಚಾಲೂ ಇದ್ರ ವಿಂಡೋಸ್ ಪೂರಾ ಮಲಗಂಗಿಲ್ಲ, ಒಂದ ಕಣ್ಣ ತಕ್ಕೊಂಡ ಮಲಗ್ತದ. ಆಗ ಅದರ ಜಾಗಾಕ್ಕ ಲಿನಕ್ಸಿನಿಂದ ಏನರ ಬರೀಲಿಕ್ಕೆ ಹೋದ್ರ ತೊಂದ್ರಿ. ನಿಮ್ಮ ಕಂಪ್ಯೂಟರಿನ್ಯಾಗ ಬಿಟ್‌ಲಾಕರ್ ಇದ್ರ ಅದರ ರಿಕವರಿ ಕೀ ಮೊದಲ ಕಾಗದದ ಮ್ಯಾಲೆ ಬರದ ಇಟಗೋರಿ. ಬೂಟ್ ವ್ಯವಸ್ಥಾ ಬದಲಾತು ಅಂದ್ರ ಅದು ಕೀ ಕೇಳೋದುಂಟು.

ಲಿನಕ್ಸ್ ಹಾಕೋವಾಗ "ವಿಂಡೋಸಿನ ಜೋಡಿ ಹಾಕು" ಅನ್ನೋದೂ ಬರ್ತದ, "ಎಲ್ಲಾ ಒರಸಿ ಹಾಕು" ಅನ್ನೋದೂ ಬರ್ತದ. ಎರಡೂ ಒಂದರ ಕೆಳಗ ಒಂದ. ಅಲ್ಲಿ ನಾನ ಮಗಳ ಕೈಯಿಂದ ಮೌಸ್ ಇಸಗೊಂಡು, ಎರಡ ಸಲ ಓದಿ, ಆಮ್ಯಾಲೆ ಒತ್ತಿದೆ.

ಮುಕ್ಕಾಲ ತಾಸಿನ್ಯಾಗ ಮುಗೀತು. ಚಾಲೂ ಮಾಡಿದ್ರ ಗ್ರಬ್ಬಿನ ಪಟ್ಟಿ ಬಂತು. ಮ್ಯಾಲೆ ಲಿನಕ್ಸ್ ಮಿಂಟ್, ಕೆಳಗ ವಿಂಡೋಸ್. 10 ಸೆಕೆಂಡಿನ್ಯಾಗ ಏನೂ ಒತ್ತದಿದ್ರ ತಾನ ಲಿನಕ್ಸಿಗೆ ಹೋಗ್ತದ. ಖರೇ ಜಗಳ ಹುಟ್ಟಿದ್ದು ಇಲ್ಲೆ.

ಮಾವನವರು ಕನ್ನಡಕಾ ಹುಡುಕಿ ಹಾಕ್ಕೊಳ್ಳೋದ್ರಾಗ ಹತ್ತ ಸೆಕೆಂಡ್ ಮುಗೀತಿತ್ತು. ಲಿನಕ್ಸ್ ತಕ್ಕೊಂಡ ಬಿಡ್ತಿತ್ತು. ಎರಡ ದಿನ ಹಿಂಗಾತು. ಮೂರನೇ ದಿನ ಅವರು ಕಂಪ್ಯೂಟರಿನ ಕಡೆ ಹೋಗಲೇ ಇಲ್ಲ, ಪೇಪರ್ ಓದಕೋತ ಕೂತ್ರು. ಮಗಳು "ಅಜ್ಜ, ಕೆಳಗಿನ ಬಾಣ ಒತ್ತಿದ್ರ ಆತಲ್ಲ, ಅಷ್ಟೂ ಆಗಂಗಿಲ್ಲೇನು" ಅಂದ್ಲು. ಅಕಿ ಕೆಟ್ಟ ಮನಸಿನ್ಯಾಗ ಅಂದದ್ದಲ್ಲ. ಆದ್ರ ಮನಿಗೆ ಹೊಸಾ ಪದ್ಧತಿ ಬಂದಾಗೆಲ್ಲಾ ವಯಸ್ಸಾದವರಿಗೆ ನಾವು ಅನ್ನೋದು ಇದ ಮಾತು: ಅಷ್ಟೂ ಆಗಂಗಿಲ್ಲೇನು.

ನಾ ಅಕಿಗೆ ಹೇಳಿದೆ, ಆರಿಸ್ಕೊಳ್ಳಿಕ್ಕೆ ಬರೋವರು ಬಾಣ ಒತ್ತಬೇಕು, ಆರಿಸ್ಕೊಳ್ಳಿಕ್ಕೆ ಆಗದವರಿಗೆ ಬಾಗಲಾ ತಾನ ತಗೀಬೇಕು. ನಿನಗ ಬೆರಳ ಚುರುಕ ಅವ, ನೀನ ಒತ್ತು.

ಅಕಿ ಎರಡ ನಿಮಿಷ ಮಾರಿ ಊದಿಸಿಕೊಂಡ್ಲು, ಆಮ್ಯಾಲೆ ತಾನ ಕೂತು ಮಾಡಿದ್ಲು. ಗ್ರಬ್ಬಿಗೆ ಒಂದ ಸೆಟ್ಟಿಂಗ್ ಫೈಲ್ ಇರ್ತದ. ಅದರಾಗ ‘ಡೀಫಾಲ್ಟ್’ ಅನ್ನೋ ಸಾಲಿಗೆ ವಿಂಡೋಸ್ ಹಾಕಿದ್ಲು, ‘ಟೈಮ್‌ಔಟ್’ ಅನ್ನೋ ಸಾಲಿನ್ಯಾಗ 10 ಇದ್ದದ್ದು 30 ಮಾಡಿದ್ಲು. ಬದಲಾವಣೆ ಉಳಸಿ ‘ಅಪ್‌ಡೇಟ್ ಗ್ರಬ್’ ಅನ್ನೋ ಆಜ್ಞಾ ಕೊಡಬೇಕು, ಇಲ್ಲಾಂದ್ರ ಹಚ್ಚಿದ್ದು ಹತ್ತಂಗಿಲ್ಲ. ಪಟ್ಟಿ ಅಕ್ಷರಾನೂ ದೊಡ್ಡು ಮಾಡಿದ್ಲು. ವಿಂಡೋಸ್ ಅನ್ನೋ ಹೆಸರ ತಗದು ಇಂಗ್ಲಿಷ್ ಅಕ್ಷರದಾಗ ‘ಅಜ್ಜ’ ಅಂತ ಬರದ್ಲು, ಲಿನಕ್ಸಿಗೆ ತನ್ನ ಹೆಸರ ಕೊಟ್ಲು. ನೀವು ಕೇಳಿದ "ಯಾರ ಬೇಕು" ಅನ್ನೋದು ಅದ.

ಇನ್ನೊಂದ ತಮಾಷಾ ಹೇಳಬೇಕು. ಮಗಳು ಲಿನಕ್ಸ್ ನಡಸಿ ಎದ್ದ ಮ್ಯಾಲೆ ಮಾವನವರು ವಿಂಡೋಸ್ ತಗದ್ರ, ಬೆಳಿಗ್ಗೆ ಹತ್ತೂವರಿಗೆ ಗಡಿಯಾರ ಐದ ಅಂತ ತೋರಸ್ತಿತ್ತು. "ಇನ್ನೂ ಸ್ನಾನ ಸಂಧ್ಯಾವಂದನಿಗೆ ಟೈಮ್ ಅದ ಅಂತ ಹೇಳ್ಲಿಕ್ಕತ್ತದ ನೋಡವಾ" ಅಂತ ನಕ್ರು. ಕೆಟ್ಟದ್ದೇನಲ್ಲ. ಮದರ್‌ಬೋರ್ಡಿನ ಗಡಿಯಾರದಾಗ ಇರೋದು ಊರಿನ ಸಮಯ ಅಂತ ವಿಂಡೋಸ್ ತಿಳ್ಕೋತದ, ಜಾಗತಿಕ ಸಮಯ ಅಂತ ಲಿನಕ್ಸ್ ತಿಳ್ಕೋತದ. ನಮ್ಮ ದೇಶಕ್ಕ ಇವೆರಡರ ನಡುವ ಐದೂವರಿ ತಾಸು. ಲಿನಕ್ಸಿಗೆ ಊರಿನ ಸಮಯಾನ ಇಟಗೋ ಅಂತ ಒಂದ ಸಾಲಿನ ಆಜ್ಞಾ ಕೊಟ್ಟ ಮ್ಯಾಲೆ ಇಬ್ಬರಿಗೂ ಒಂದ ಪಂಚಾಂಗ ಆತು.

ಈಗ ಪದ್ಧತಿ ಹಿಂಗದ. ಅಜ್ಜನ ಕಡೆ ಇಂಟರ್ನೆಟ್ ಬಂದ ಮಾಡೇವಿ, ಯಾಕಂದ್ರ ಅಪ್‌ಡೇಟ್ ಇಲ್ಲದ ವಿಂಡೋಸ್ ಕಟ್ಕೊಂಡು ಹೊರಗ ತಿರಗೋದು ಸುರಕ್ಷಿತ ಅಲ್ಲ. ಬ್ಯಾಂಕು, ಪೆನ್ಶನ್, ಲೈಟ್ ಬಿಲ್ಲು ಎಲ್ಲಾ ಲಿನಕ್ಸಿನ ಕಡೆಯಿಂದ. ನಿಮ್ಮ ವಿಂಡೋಸಿಗೆ ಇನ್ನೂ ಅಪ್‌ಡೇಟ್ ಬರ್ತಿದ್ರ ಒಂದ ನೆನಪಿಟಗೋರಿ: ದೊಡ್ಡ ಅಪ್‌ಡೇಟ್ ಆದ ಮ್ಯಾಲೆ ಒಮ್ಮೊಮ್ಮೆ ಗ್ರಬ್ಬಿನ ಪಟ್ಟಿ ಕಾಣಂಗಿಲ್ಲ, ಸೀದಾ ವಿಂಡೋಸ್ ಬರ್ತದ. ಲಿನಕ್ಸ್ ಹೋತು ಅಂತ ಗಾಬರಿ ಆಗಬ್ಯಾಡ್ರಿ. ಹೆಚ್ಚಾಗಿ ಸರದಿ ಅಷ್ಟ ಬದಲಾಗಿರ್ತದ. ಚಾಲೂ ಆಗೋವಾಗ ಎಫ್2 ಇಲ್ಲಾ ಡಿಲೀಟ್ ಗುಂಡಿ ಒತ್ತಿ, ಬೂಟ್ ಸರದಿಯೊಳಗ ಲಿನಕ್ಸನ್ನ ಮ್ಯಾಲೆ ತಂದ್ರ ಆತು.

ಮೊನ್ನೆ ಮಗಳು ಲಿನಕ್ಸಿನಿಂದ ಅಜ್ಜಿ ಹಾಡಿನ ಫೈಲ್ ತಗದು ನೋಡಿದ್ಲು. ಹಳೇ ನುಡಿ ಫಾಂಟಿನ ಬರಹ, ಆ ಫಾಂಟ್ ಇಲ್ಲದ ಕಡೆ ಬರೇ ಇಂಗ್ಲಿಷ್ ಅಕ್ಷರದ ಚಿತ್ತಾರ ಕಂಡ್ವು. ಈಗ ರವಿವಾರಕ್ಕ ಒಂದ ಹಾಡು ಯೂನಿಕೋಡಿಗೆ ಬದಲಸ್ತಾಳ. ಒತ್ತಕ್ಷರ ಎಲ್ಲೆರ ತಪ್ಪಿದ್ರ ಗೊತ್ತಾಗಲಿ ಅಂತ ಮಾವನವರು ಮಗ್ಗಲದಾಗ ಕೂತು ರಾಗ ಹಚ್ಚಿ ಓದ್ತಾರ. ಇಲ್ಲಿ ತನಕ ಹನ್ನೊಂದ ಹಾಡು ಆಗ್ಯಾವ. ಬೇಕಾದವರು ಹೇಳ್ರಿ, ಮೊಬೈಲಿಗೆ ಕಳಸ್ತೇನಿ.