ಪೆಡ್ರೊ ಎಸೆಯದ ದಿನಗಳು

ಸ್ಟ್ರಾಟ್-ಓ-ಮ್ಯಾಟಿಕ್‌ನಲ್ಲಿ ನನ್ನ ಬೇಸ್‌ಬಾಲ್ ತಂಡದ ಮೊದಲ ಸೀಸನ್ ಮುಗಿಯಿತು. 162 ಪಂದ್ಯ. ಗೆಲುವಿಗಿಂತ ಸೋಲು ತುಸು ಹೆಚ್ಚು, ಪ್ಲೇಆಫ್ ಇಲ್ಲ. ಆದರೂ ಮನಸ್ಸು ತುಂಬಿದೆ.

1961ರಲ್ಲಿ ಹಾಲ್ ರಿಚ್‌ಮನ್ ಮಾರುಕಟ್ಟೆಗೆ ತಂದ ಆಟ ಇದು. ಒಂದು ದಾಳದಲ್ಲಿ ಒಂದರಿಂದ ಮೂರು ಬಿದ್ದರೆ ಬ್ಯಾಟರ್‌ನ ಕಾರ್ಡು ನೋಡಬೇಕು, ನಾಲ್ಕರಿಂದ ಆರು ಬಿದ್ದರೆ ಪಿಚರ್‌ನದು. ಕಂಪ್ಯೂಟರ್ ಆವೃತ್ತಿಯಲ್ಲೂ ಜೀವಾಳ ಅದೇ.

ಒಂದೊಂದು ಕಾರ್ಡೂ ನಿಜವಾದ ಆಟಗಾರನೊಬ್ಬನ ಒಂದು ವರ್ಷದ ಆಟ. ನನ್ನ ಬಳಿ 2000ನೇ ಇಸವಿಯ ಪಿಚರ್ ಪೆಡ್ರೊ ಮಾರ್ಟಿನೆಜ್ ಇದ್ದ. ಆ ವರ್ಷ ಅಮೆರಿಕನ್ ಲೀಗ್‌ನ ಪಿಚರ್‌ಗಳು ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಐದರ ಹತ್ತಿರ ರನ್ ಬಿಟ್ಟುಕೊಟ್ಟಾಗ ಇವನದು ಬರೀ 1.74! ಅವನು ಎಸೆಯುವ ದಿನ ಹಬ್ಬ. ಆದರೆ ಅವನ ಸರದಿ ಬರುವುದು ಐದು ದಿನಕ್ಕೊಮ್ಮೆ. ಸೀಸನ್‌ನ ಹಣೆಬರಹ ಬರೆಯುವುದು ಉಳಿದ ನಾಲ್ಕು ದಿನ ಎಸೆಯುವ ಸಾಮಾನ್ಯರೇ.

ಮೊದಲ ಬ್ಯಾಟರ್ 2004ರ ಇಚಿರೊ ಸುಜುಕಿ. ಆ ವರ್ಷ 262 ಹಿಟ್, 1920ರಿಂದ ಉಳಿದಿದ್ದ ಜಾರ್ಜ್ ಸಿಸ್ಲರ್ ದಾಖಲೆ ಮುರಿದವನು. ಅದರಲ್ಲಿ 225 ಸಿಂಗಲ್‌ಗಳು. ಅಂಥವನನ್ನು ಮನೆ ಮುಟ್ಟಿಸಲು ಹಿಂದೆ ಬಲವಾಗಿ ಹೊಡೆಯುವವರು ಬೇಕು, ನಮ್ಮಲ್ಲಿ ಅಂಥವರು ಕಡಿಮೆ. ಇಚಿರೊ ಎರಡನೇ ಬೇಸಿನಲ್ಲಿ ನಿಂತಿರುವಾಗಲೇ ಇನಿಂಗ್ಸ್ ಮುಗಿದ ಸಂಜೆಗಳು ಬಹಳ.

ಮುಂದಿನ ಸಲ ಶಾರ್ಟ್‌ಸ್ಟಾಪ್‌ಗೆ ಓಜಿ ಸ್ಮಿತ್ ಬೇಕೇ ಬೇಕು. ಸತತ 13 ಗೋಲ್ಡ್ ಗ್ಲವ್ ಗೆದ್ದವನು. ಸಾಮಾನ್ಯ ಪಿಚರ್‌ನ ಮಾನ ಉಳಿಸುವುದು ಅಂಥ ಕೈಗಳೇ.